ಕೋಟಿನ ಬೆನ್ನು

ಸೆಪ್ಟೆಂಬರ್ 4, ಬುಧವಾರ

ಇವತ್ತು ಕೋಣೆಯ ಬೀಗದ ಕೈ ಸಿಕ್ಕಿತು. ಬಾಗಿಲ ಮೇಲೆ ‘ವಿದ್ಯಾರ್ಥಿ ಸಂಘ, ಅಧ್ಯಕ್ಷೆ: ಸಿಗ್ನೆ’ ಎಂದು ಅಂಟಿಸಿದ್ದಾರೆ. ಕೋಣೆ ಅಂಥದ್ದೇನಲ್ಲ. ನಮ್ಮ ಫ್ಯಾಷನ್ ಕಾಲೇಜು ಹಿಂದೆ ನೂಲಿನ ಗಿರಣಿಯಾಗಿದ್ದಾಗ ಇಲ್ಲಿ ಎಣ್ಣೆ ಡಬ್ಬಗಳನ್ನು ಇಡುತ್ತಿದ್ದರಂತೆ. ವಾಸನೆ ಇನ್ನೂ ಹೋಗಿಲ್ಲ. ಕಿಟಕಿಯಿಂದ ನದಿ ಕಾಣುತ್ತದೆ, ಸೇತುವೆ ದಾಟುವ ಹಳದಿ ಟ್ರಾಮ್ ಕಾಣುತ್ತದೆ. ಇನ್ನು ಒಂದು ವರ್ಷ ನನಗೆ ತರಗತಿಯಿಲ್ಲ, ಹೊಲಿಗೆಯಿಲ್ಲ. ಎಲ್ಲರ ಪರವಾಗಿ ಬಾಯಿ ಬಿಡುವುದಕ್ಕೇ ಸಂಬಳ.

ಬೀಗದ ಕೈ ಕೊಟ್ಟವನು ಮೆಲ್ಕರ್. ಹೋದ ವರ್ಷದ ಅಧ್ಯಕ್ಷ. ಈಗ ಅದೇ ಕಾಲೇಜಿನ ಪ್ರಚಾರ ವಿಭಾಗದಲ್ಲಿ ನೌಕರ. ಕೊರಳಿಗೆ ಕಾಲೇಜಿನ ಹೆಸರಿರುವ ಪಟ್ಟಿ ಹಾಕಿಕೊಂಡು ಓಡಾಡುತ್ತಾನೆ. ನಮ್ಮ ಪರವಾಗಿ ಬೊಗಳಲು ಕಳಿಸಿದವನು ಅವರ ಮನೆಯಲ್ಲೇ ತಟ್ಟೆ ಹಾಕಿಸಿಕೊಂಡ.

ನನಗೆ ವೋಟು ಬಿದ್ದಿದ್ದು ಒಂದೇ ಮಾತಿಗೆ: ಮೇ ತಿಂಗಳಲ್ಲಿ ಕೊನೆಯ ವರ್ಷದವರು ನಡೆಸುವ ಫ್ಯಾಷನ್ ಪ್ರದರ್ಶನದಲ್ಲಿ ಪ್ರತಿ ಬಟ್ಟೆಯೂ ಯಾರ ಮೈಗೆಂದು ಹೊಲಿದಿದೆಯೋ ಅವರ ಮೈಮೇಲೆಯೇ ಬರಬೇಕು. ಹೋದ ವರ್ಷ ಪರದೆಯ ಹಿಂದೆ ನಾನು ಮಾಡೆಲ್‌ಗಳಿಗೆ ಬಟ್ಟೆ ತೊಡಿಸುತ್ತಿದ್ದೆ. ಏಜೆನ್ಸಿಯಿಂದ ಬಂದ ಹುಡುಗಿಯರೆಲ್ಲ ಒಂದೇ ಅಳತೆ, ಒಣಗಿದ ಕಡ್ಡಿಗಳು. ಒಬ್ಬ ಹುಡುಗ ಪಾರ್ಶ್ವವಾಯು ಬಡಿದ ತನ್ನ ಅಜ್ಜನಿಗೆಂದು ಹೊಲಿದ ಅಂಗಿಯನ್ನು ಅಂಥ ಒಬ್ಬಳಿಗೆ ಹಾಕಿ, ಬೆನ್ನ ಹಿಂದೆ ಮಿಕ್ಕ ಬಟ್ಟೆಯನ್ನೆಲ್ಲ ಗುಡ್ಡೆ ಮಾಡಿ, ದೊಡ್ಡ ದೊಡ್ಡ ಕ್ಲಿಪ್ಪುಗಳಿಂದ ಬಿಗಿದರು. ಮುಂದಿನಿಂದ ನೋಡಿದರೆ ಎಲ್ಲ ಸರಿ. ಕ್ಲಿಪ್ ಹಾಕಿದವನು ಈ ಮೆಲ್ಕರನೇ. ಆ ಹುಡುಗ ಶೌಚಾಲಯಕ್ಕೆ ಹೋಗಿ ಅತ್ತ.

ನಾನು ಇರುವಷ್ಟು ದಿನ ಇಲ್ಲಿ ಯಾರ ಬೆನ್ನಿಗೂ ಕ್ಲಿಪ್ ಬೀಳುವುದಿಲ್ಲ. ಬರೆದಿಟ್ಟಿದ್ದೇನೆ.

ಅಕ್ಟೋಬರ್ 17, ಗುರುವಾರ

ಗೆದ್ದೆ! ಆಡಳಿತ ಮಂಡಳಿಯ ಸಭೆಯಲ್ಲಿ ನನ್ನ ಪ್ರಸ್ತಾಪ ಇಟ್ಟೆ. ಮಧ್ಯಾಹ್ನ ಬಟಾಣಿ ಸೂಪು ಕುಡಿದು ಎಲ್ಲರೂ ಸ್ವಲ್ಪ ತೂಕಡಿಸುವ ಹೊತ್ತು. ಬಟ್ಟೆ ಎಂದರೆ ಮೈಯ ಜೊತೆಗಿನ ಮಾತು, ಆ ಮೈಯನ್ನೇ ಹೊರಗೆ ನಿಲ್ಲಿಸಿದರೆ ಉಳಿಯುವುದು ಚಿಂದಿ ಎಂದೆ.

ಒಬ್ಬರೂ ವಿರೋಧಿಸಲಿಲ್ಲ. ಎಲ್ಲರೂ ತಲೆಯಾಡಿಸಿದರು. ಕಾಲೇಜಿನ ಮುಖ್ಯಸ್ಥೆ ಹೆಡ್ವಿಗ್ ಕನ್ನಡಕ ತೆಗೆದು ನನ್ನನ್ನೇ ನೋಡಿ, “ಎಷ್ಟ್ ಚೆನ್ನಾಗ್ ಹೇಳ್ದೆ ಸಿಗ್ನೆ. ಇದು ತುಂಬಾ ಮುಖ್ಯವಾದ ವಿಷಯ. ನಾವು ಇದನ್ನ ಮನಸ್ಸಲ್ಲಿ ಇಟ್ಕೊಂಡು ಮುಂದೆ ಹೋಗ್ತೀವಿ” ಎಂದಳು. ಆಮೇಲೆ ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ತಾನೇ ಎದ್ದು ಬಂದು ನನ್ನ ಮುಂದೆ ಹಿಡಿದಳು.

ಸಂಜೆಯೇ ಎಲ್ಲ ವಿದ್ಯಾರ್ಥಿಗಳಿಗೂ ಸುದ್ದಿ ಕಳಿಸಿದೆ: ನಿಮ್ಮ ನಿಮ್ಮ ಮೈಗಳನ್ನು ಆರಿಸಿಕೊಳ್ಳಿ, ಈ ಸಲ ಅವರೇ ನಡೆಯುತ್ತಾರೆ. ಐಲಾ ಓಡಿ ಬಂದು ತಬ್ಬಿಕೊಂಡಳು. ನನ್ನ ಜೊತೆ ಮೊದಲ ವರ್ಷ ಸೇರಿದವಳು, ನನ್ನ ಒಬ್ಬಳೇ ನಿಜವಾದ ಗೆಳತಿ, ಈಗ ಕೊನೆಯ ವರ್ಷದಲ್ಲಿದ್ದಾಳೆ.

“ಹಾಗಾದ್ರೆ ಅಮ್ಮಂಗೇ ಹೊಲೀತೀನಿ ಕಣೇ. ನಿಜ ತಾನೇ? ಆಮೇಲೆ ಕೈ ಕೊಡಲ್ವಲ್ಲ?”

“ಸಭೇಲಿ ಒಬ್ರೂ ಬೇಡ ಅನ್ಲಿಲ್ಲ” ಎಂದೆ.

ನವೆಂಬರ್ 24, ಭಾನುವಾರ

ಐಲಾಳ ಮನೆ. ಅವಳ ಅಮ್ಮ ರಿತ್ವಾ ಫಿನ್ಲೆಂಡಿನಿಂದ ಹುಡುಗಿಯಾಗಿದ್ದಾಗಲೇ ಈ ಊರಿಗೆ ಬಂದವಳು. ಮೊದಲು ಗಿರಣಿಯಲ್ಲಿದ್ದಳು, ಅದು ಮುಚ್ಚಿದ ಮೇಲೆ ಟ್ರಾಮ್ ಓಡಿಸುತ್ತಾಳೆ. ದಪ್ಪ ಹೆಂಗಸು, ಅಗಲವಾದ ಬೆನ್ನು. ದಿನವಿಡೀ ಎಡಗೈಯಲ್ಲಿ ಟ್ರಾಮಿನ ಹಿಡಿ ತಳ್ಳಿ ತಳ್ಳಿ ಎಡಭುಜ ಬಲಕ್ಕಿಂತ ಒಂದು ತೂಕ ಹೆಚ್ಚು. ದಾರಿಯಲ್ಲಿ ನನ್ನನ್ನು ಕಂಡರೆ ಸುಮ್ಮಸುಮ್ಮನೆ ಗಂಟೆ ಹೊಡೆಯುತ್ತಾಳೆ, ಪ್ರಯಾಣಿಕರೆಲ್ಲ ಬೆಚ್ಚುತ್ತಾರೆ.

ಐಲಾ ಟೇಪು ಹಿಡಿದು ಅಳತೆ ತೆಗೆದಳು, ನಾನು ಬರೆದುಕೊಂಡೆ.

“ಟೇಪ್ ಸಾಕಾಗುತ್ತೇನೇ? ಇಲ್ದಿದ್ರೆ ಟ್ರಾಮ್ ಡಿಪೋದಿಂದ ಹಗ್ಗ ತರ್ತೀನಿ” ಎಂದಳು ರಿತ್ವಾ.

“ಅಮ್ಮಾ, ನಗ್ಬೇಡ, ಅಳತೆ ತಪ್ಪತ್ತೆ.”

ಐಲಾಳ ಯೋಚನೆ ಕೇಳಿ ನನಗೆ ಹೊಟ್ಟೆಕಿಚ್ಚೇ ಆಯಿತು. “ಊರಿನ ಜನಕ್ಕೆ ಅಮ್ಮನ ಮುಖ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಅವರು ನೋಡಿರೋದು ಗಾಜಿನಾಚೆ ಅವಳ ಬೆನ್ನು ಒಂದನ್ನೇ. ಅದಕ್ಕೆ ಈ ಕೋಟಿಗೆ ಬೆನ್ನೇ ಮುಖ” ಎಂದಳು. ದಪ್ಪ ಉಣ್ಣೆಯ ಕೋಟು. ಇಡೀ ಬೆನ್ನು ಒಂದೇ ತುಂಡು, ನಡುವೆ ಹೊಲಿಗೆಯಿಲ್ಲ. ಎಡಭುಜದಿಂದ ಇಳಿಯುವ ಮಡಿಕೆಗಳ ಒಳಗೆ ಹಳದಿ ಬಣ್ಣ. ಸುಮ್ಮನೆ ನಿಂತರೆ ಕಾಣುವುದಿಲ್ಲ, ಹಿಡಿ ತಳ್ಳಲು ಕೈ ಚಾಚಿದರೆ ಮಡಿಕೆಗಳು ತೆರೆದುಕೊಂಡು ಹಳದಿ ಕಾಣುತ್ತದೆ.

ಕಾಲೇಜಿನ ಹೊಲಿಗೆ ಗೊಂಬೆಗೆ ಹತ್ತಿ ಸುತ್ತಿ ಸುತ್ತಿ ಅದನ್ನು ರಿತ್ವಾಳನ್ನಾಗಿ ಮಾಡಲು ಐಲಾ ಶುರುಮಾಡಿದ್ದಾಳೆ.

ಡಿಸೆಂಬರ್ 13, ಶುಕ್ರವಾರ

ಲೂಸಿಯಾ ಹಬ್ಬ. ಬೆಳಕು ಹರಿಯುವ ಮುಂಚೆ ಹುಡುಗಿಯರು ಬಿಳಿ ಅಂಗಿ ತೊಟ್ಟು ಮೇಣದ ಬತ್ತಿ ಹಿಡಿದು ಮೆಟ್ಟಿಲ ಮೇಲೆ ಹಾಡಿದರು. ಕೇಸರಿ ಬನ್ನು ತಿನ್ನುತ್ತ ಮೆಲ್ಕರ್ ಪಕ್ಕದಲ್ಲಿ ಬಂದು ನಿಂತ.

“ಮಾಡೆಲ್ ವಿಷ್ಯ ಬರಹದಲ್ಲಿ ಇಸ್ಕೊಂಡ್ಯಾ?”

“ಯಾಕೆ? ಸಭೇಲೇ ಒಪ್ಪಿದ್ರಲ್ಲ.”

“ಒಪ್ಪಿದ್ರು ಅಂದ್ರೆ? ಹೂಂ ಅಂದ್ರಾ?”

“ಬೇಡ ಅನ್ಲಿಲ್ಲ.”

ಅವನು ಬನ್ನು ಗಂಟಲಿಗೆ ಸಿಕ್ಕುವಷ್ಟು ನಕ್ಕ. “ಅಯ್ಯೋ ಸಿಗ್ನೆ, ಈ ದೇಶದಲ್ಲೇ ಹುಟ್ಟಿ ಬೆಳೆದಿದೀಯಾ? ಯಾರಾದ್ರೂ ಸಭೇಲಿ ಬೇಡ ಅಂದಿದ್ದು ಯಾವತ್ತಾದ್ರೂ ಕೇಳಿದೀಯಾ? ಬೇಡ ಅನ್ನೋದನ್ನ ಸಭೆಗೆ ಮುಂಚೆ ಕಾಫಿ ಕುಡೀತಾ ಮುಗಿಸಿರ್ತಾರೆ.”

ಇವನ ಮಾತು ಯಾರಿಗೆ ಬೇಕು. ತಟ್ಟೆ ಹಾಕಿಸಿಕೊಂಡವನು.

ಜನವರಿ 22, ಬುಧವಾರ

ಹೆಡ್ವಿಗ್ ತನ್ನ ಕೋಣೆಗೆ ಕರೆದಳು. ಮೇಣದ ಬತ್ತಿ ಹಚ್ಚಿದ್ದಳು, ಕಾಫಿ ತಾನೇ ಬಗ್ಗಿಸಿದಳು. ಪ್ರದರ್ಶನದಲ್ಲಿ ಅವರ ಮಾಡೆಲ್‌ಗಳೇ ನಡೆಯಬೇಕೆಂದು ಏಜೆನ್ಸಿಯ ಜೊತೆ ಮೂರು ವರ್ಷದ ಕರಾರು ಆಗಿದೆಯಂತೆ. ಯಾವಾಗ? ಹೋದ ಆಗಸ್ಟಿನಲ್ಲಿ. ನಾನು ಕುರ್ಚಿಗೆ ಬರುವ ಮುಂಚೆಯೇ.

“ಮತ್ತೆ ಅಕ್ಟೋಬರಲ್ಲಿ ಯಾಕೆ ಹೇಳ್ಲಿಲ್ಲ ನೀನು?” ಎಂದೆ.

“ನಿನ್ನ ಉತ್ಸಾಹ ನೋಡಿ ನಂಗೇ ಮನಸ್ಸು ಬರ್ಲಿಲ್ಲ. ನಾವೆಲ್ಲಾ ಅದನ್ನ ಎಷ್ಟು ಮೆಚ್ಕೊಂಡ್ವಿ ಗೊತ್ತಾ? ನೋಡು ಸಿಗ್ನೆ, ನಾನೂ ನೀನೂ ಒಂದೇ ಕಡೆ ಇದೀವಿ. ಮುಂದಿನ ಸಲಕ್ಕೆ ಏನಾದ್ರೂ ಮಾಡೋಣ. ಈ ಸಲ ಹೇಗೆ ನಿಭಾಯಿಸೋದು ಅಂತ ನೀನೇ ನಂಗೆ ಹೇಳ್ಕೊಡ್ಬೇಕು. ಅಲ್ಲೀವರೆಗೂ ಇದು ನಮ್ಮಿಬ್ಬರ ಮಧ್ಯೆ ಇರ್ಲಿ.”

ಹೊರಗೆ ಬಂದು ಹಿಮದಲ್ಲಿ ನಿಂತು ಹಲ್ಲು ಕಡಿದೆ. ಮೂಗಿಗೆ ತುಪ್ಪ ಸವರಿ ಮೂರು ತಿಂಗಳು ಓಡಾಡಿಸಿದ್ದಾಳೆ. ಆದರೆ ಜಗಳವಾಡುವುದಾದರೂ ಹೇಗೆ? ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಮುಖ್ಯಸ್ಥೆಗೂ ‘ನೀನು’ ಎನ್ನುತ್ತೇವೆ. ಮೇಡಂ ಎನ್ನಿಸಿಕೊಂಡು ಕೈಕಟ್ಟಿ ನಿಲ್ಲಿಸಿದ್ದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡಬಹುದಿತ್ತು. ಕಾಫಿ ಬಗ್ಗಿಸಿ ಕೊಟ್ಟವಳ ಮೇಲೆ ಕೂಗುವುದು ಕಷ್ಟ.

ನಾಳೆಯೇ ಎಲ್ಲರಿಗೂ ಹೇಳಿಬಿಡಬೇಕು.

ಜನವರಿ 27, ಸೋಮವಾರ

ಇನ್ನೂ ಹೇಳಿಲ್ಲ. ಉತ್ತರವಿಲ್ಲದೆ ಪ್ರಶ್ನೆ ಹೇಳಿದರೆ ಗಾಬರಿ ಹಬ್ಬುತ್ತದೆ ಅಷ್ಟೆ. ಮೊದಲು ಒಂದು ದಾರಿ ಹುಡುಕಿ, ಆಮೇಲೆ ಹೇಳುತ್ತೇನೆ. ಜವಾಬ್ದಾರಿ ಎಂದರೆ ಇದೇ ಇರಬೇಕು. ಚುನಾವಣೆಯಲ್ಲಿ ಕೂಗುವಾಗ ಇದು ಗೊತ್ತಿರಲಿಲ್ಲ.

ಮಾರ್ಚ್ 4, ಮಂಗಳವಾರ

ಕೆನೆ ಬನ್ನಿನ ದಿನ, ಉಪವಾಸದ ದಿನಗಳಿಗೆ ಮುಂಚೆ ಊರೆಲ್ಲ ಕೆನೆ ತುಂಬಿದ ಬನ್ನು ತಿನ್ನುವ ಹಬ್ಬ. ಐಲಾ ಹೊಲಿಗೆ ಕೋಣೆಗೆ ಬಲವಂತವಾಗಿ ಎಳೆದುಕೊಂಡು ಹೋದಳು. ರಿತ್ವಾ ಪಾಳಿ ಮುಗಿಸಿ ನೇರ ಬಂದಿದ್ದಳು, ಕೈಯಲ್ಲಿ ಬನ್ನಿನ ಪೆಟ್ಟಿಗೆ. ಕೋಟು ಮುಗಿದಿತ್ತು.

ರಿತ್ವಾ ಅದನ್ನು ತೊಟ್ಟು ಬೆನ್ನು ತೋರಿಸಿ ನಿಂತಳು. ನಾನು ಏನು ಬರೆಯಲಿ. ಆ ಕೊಠಡಿಯಲ್ಲಿ ಬೇರೆ ಯಾರ ಬಟ್ಟೆಯೂ ಬಟ್ಟೆಯ ಹಾಗೆ ಕಾಣಲಿಲ್ಲ. ಅವಳು ಎಡಗೈ ಮುಂದಕ್ಕೆ ಚಾಚಿದಳು, ಮಡಿಕೆಗಳು ತೆರೆದುಕೊಂಡವು, ಹಳದಿ ಹೊಳೆಯಿತು. ಹೊಲಿಯುತ್ತಿದ್ದವರೆಲ್ಲ ಯಂತ್ರ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

“ಕೊನೇ ನಿಲ್ದಾಣದಲ್ಲಿ ಟ್ರಾಮ್ ಖಾಲಿ ಆದ್ಮೇಲೆ ನಡೆಯೋದು ಅಭ್ಯಾಸ ಮಾಡ್ತಿದೀನಿ” ಎಂದಳು ರಿತ್ವಾ, ಮೀಸೆಯ ಹಾಗೆ ಕೆನೆ ಮೆತ್ತಿಕೊಂಡು. “ಆ ತುದಿಯಿಂದ ಈ ತುದಿಗೆ, ಹಾಡು ಹಾಕ್ಕೊಂಡು. ಮೊನ್ನೆ ಒಬ್ಬ ಕುಡುಕ ಹಿಂದಿನ ಸೀಟಲ್ಲಿ ಮಲಗಿದ್ದ, ನೋಡೇ ಇರ್ಲಿಲ್ಲ. ಎದ್ದು ಕೂತ್ಕೊಂಡು ಇನ್ನೊಂದ್ಸಲ ಬಾ ಅಂದ! ಪಾಳಿ ಬದಲಾಯಿಸ್ಕೊಂಡಿದೀನಿ, ಹೊಸ ಬೂಟೂ ತಗೊಂಡೆ. ಹುಡುಗೀ, ನಿನ್ನಿಂದ ಈ ವಯಸ್ಸಲ್ಲಿ ಮೆರವಣಿಗೆ ನಂಗೆ.”

ಬಾಯಿ ತುಂಬ ಬನ್ನು ಇತ್ತು. ತಲೆಯಾಡಿಸಿದೆ.

ಈಗ ಹೇಳಿದ್ದರೆ ಅವರ ಸಂತೋಷ ಹಾಳಾಗುತ್ತಿತ್ತು. ಸಮಯ ನೋಡಿ ಹೇಳಬೇಕು.

ಏಪ್ರಿಲ್ 10, ಗುರುವಾರ

ಗೊತ್ತಾಗಿ ಹೋಯಿತು. ಏಜೆನ್ಸಿಯ ಹುಡುಗಿಯರು ಬಟ್ಟೆ ತೊಟ್ಟು ನೋಡಲು ಬಂದಿದ್ದರು. ದಿನಾಂಕ ಮುಂಚೆಯೇ ತಿಳಿದಿದ್ದರೂ ನನಗೆ ಬೇರೆ ಸಭೆಯಿತ್ತು. ಅವರಲ್ಲೊಬ್ಬಳು ಐಲಾಳ ಕೋಟಿನೊಳಗೆ ಹೊಕ್ಕು ಕಳೆದೇ ಹೋದಳಂತೆ, ಡೇರೆಯೊಳಗಿನ ಕಂಬದ ಹಾಗೆ.

ಐಲಾ ಬಾಗಿಲು ತಟ್ಟದೆ ಒಳಗೆ ಬಂದಳು.

“ಯಾವಾಗಿಂದ ಗೊತ್ತು ನಿಂಗೆ?”

“ಐಲಾ, ಕೂತ್ಕೋ. ಕಾಫಿ ತರ್ತೀನಿ.”

“ನಿನ್ ಕಾಫಿ ನೀನೇ ಕುಡಿ. ಯಾವಾಗಿಂದ ಅಂತ ಕೇಳ್ದೆ.”

“ಇದು ಬಹಳ ಮುಖ್ಯವಾದ ಪ್ರಶ್ನೆ. ನಿನ್ನ ಸಿಟ್ಟು ನಂಗೆ ಅರ್ಥ ಆಗತ್ತೆ. ಇದನ್ನ ನಾನು ಖಂಡಿತ ಮನಸ್ಸಲ್ಲಿ ಇಟ್ಕೊಂಡು...”

ಅವಳು ನನ್ನನ್ನು ಗುರುತು ಸಿಗದವಳ ಹಾಗೆ ನೋಡಿದಳು. “ಮಾರ್ಚಲ್ಲಿ ಅಮ್ಮ ತಂದ ಬನ್ ತಿಂದ್ಯಲ್ಲೇ. ಆವಾಗ್ಲೂ ಗೊತ್ತಿತ್ತಾ?”

ಇಷ್ಟು ವೈಯಕ್ತಿಕವಾಗಿ ತೆಗೆದುಕೊಂಡರೆ ಹೇಗೆ? ಕರಾರು ಮಾಡಿದ್ದು ನಾನಲ್ಲ. ನನ್ನ ತಲೆನೋವು ಎಷ್ಟಿದೆ ಎಂದು ಒಬ್ಬರಾದರೂ ಕೇಳಿದ್ದಾರೆಯೇ?

ಏಪ್ರಿಲ್ 14, ಸೋಮವಾರ

ವಿದ್ಯಾರ್ಥಿಗಳ ಮಹಾಸಭೆ. ಎದ್ದುನಿಂತು ಐಲಾ ಹೇಳಿದ್ದು ಇಷ್ಟೇ: ಕೊನೆಯ ವರ್ಷದವರೆಲ್ಲ ಬಟ್ಟೆಗಳನ್ನು ವಾಪಸು ತೆಗೆದುಕೊಳ್ಳೋಣ, ಏಜೆನ್ಸಿಯ ಹುಡುಗಿಯರು ತಮ್ಮ ಸ್ವಂತ ಬಟ್ಟೆಯಲ್ಲೇ ನಡೆಯಲಿ. ಹಿಂದಿನ ಸಾಲಿನವರು ಮೇಜು ಕುಟ್ಟಿದರು. ಒಂದು ಕ್ಷಣ ನನಗೂ ಮೈ ಬಿಸಿಯಾಯಿತು. ಆದರೆ ಅಧ್ಯಕ್ಷ ಸ್ಥಾನದಲ್ಲಿ ಕೂತವಳು ಎಲ್ಲ ಕಡೆ ನೋಡಬೇಕು. ಪ್ರದರ್ಶನ ಪರೀಕ್ಷೆಯ ಭಾಗ, ಬಟ್ಟೆ ಕೊಡದಿದ್ದರೆ ಪದವಿ ನಿಲ್ಲಬಹುದು.

ಆಗ ನನ್ನ ಪರಿಹಾರವನ್ನು ಮುಂದಿಟ್ಟೆ. ಹೆಡ್ವಿಗ್ ಜೊತೆ ಕೂತು ವಾರಗಟ್ಟಲೆ ರೂಪಿಸಿದ್ದು. ಒಂದು: ಯಾರ ಮೈಗೆ ಹೊಲಿದಿದ್ದೋ ಅವರು ಆ ಬಟ್ಟೆ ತೊಟ್ಟ ಫೋಟೋಗಳನ್ನು ಹಜಾರದ ಪರದೆಯ ಮೇಲೆ ತೋರಿಸುವುದು. ಎರಡು: ಮಾಡೆಲ್‌ಗಳು ರ‍್ಯಾಂಪಿನಲ್ಲಿ ಹೋಗಿ ತಿರುಗಿ ಬರುವ ಬದಲು ಒಂದು ಬಾಗಿಲಿಂದ ಬಂದು, ಎದುರಿಗಷ್ಟೇ ಕೂತ ಪ್ರೇಕ್ಷಕರ ಕಡೆ ನಡೆದು, ಆ ತುದಿಯಲ್ಲೇ ಇನ್ನೊಂದು ಬಾಗಿಲಿಂದ ಹೊರಟುಹೋಗುವುದು. ಹಿಂಭಾಗ ಯಾರಿಗೂ ಕಾಣುವುದಿಲ್ಲ, ಕ್ಲಿಪ್ ಹಾಕಿದರೂ ಅವಮಾನವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ನನ್ನ ಕೋಟಲ್ಲಿ ಇರೋದೇ ಬೆನ್ನು” ಎಂದಳು ಐಲಾ.

“ಅದು ನಮ್ಗೂ ಗೊತ್ತು. ಅದಕ್ಕೇ ಇಷ್ಟು ಯೋಚ್ನೆ ಮಾಡಿರೋದು” ಎಂದೆ.

“‘ನಮ್ಗೂ’ ಅಂದ್ರೆ ಯಾರ್ಗೆ?”

ಮತ ಹಾಕಿದಾಗ ಅವಳ ಕಡೆ ಕೆಲವರೇ ಕೈ ಎತ್ತಿದರು. ಒಳ್ಳೆಯದಾಯಿತು. ಹೆಡ್ವಿಗ್ ಸಂಜೆ ಸಂದೇಶ ಕಳಿಸಿದಳು: “ಎಂಥಾ ಪ್ರಬುದ್ಧತೆ!” ಎರಡು ಸಲ ಓದಿದೆ.

ಏಪ್ರಿಲ್ 30, ಬುಧವಾರ

ವಸಂತದ ಬೆಂಕಿ ಹಚ್ಚುವ ರಾತ್ರಿ. ಪ್ರತಿ ವರ್ಷ ಐಲಾ, ರಿತ್ವಾ ಮತ್ತು ನಾನು ನದಿ ದಂಡೆಗೆ ಹೋಗುತ್ತಿದ್ದೆವು. ಈ ಸಲ ಕರೆಯಲಿಲ್ಲ. ಕೆಲಸವೂ ಇತ್ತು.

ಮೇ 24, ಶನಿವಾರ

ಮುಗಿಯಿತು. ಪ್ರದರ್ಶನ ಅದ್ಭುತವಾಗಿತ್ತು ಎಂದು ಎಲ್ಲರೂ ಹೇಳಿದರು. ಕಾಲುಗಳು ಊದಿಕೊಂಡಿವೆ. ಮರೆಯುವ ಮುಂಚೆ ಬರೆದಿಡುತ್ತೇನೆ.

ಮಧ್ಯಾಹ್ನ ಪರದೆಯ ಹಿಂದೆ ಹೋದರೆ ರಿತ್ವಾ ಇದ್ದಳು. ಹೊಸ ಬೂಟು ಹಾಕಿಕೊಂಡಿದ್ದಳು. ಐಲಾ ಬಟ್ಟೆಗಳನ್ನು ಒಪ್ಪಿಸಿ ಮನೆಗೆ ಹೋಗಿಬಿಟ್ಟಿದ್ದಾಳೆ, ಬರುವುದಿಲ್ಲವಂತೆ.

“ರಜಾ ಹಾಕಿದ್ದೆ. ಮನೇಲ್ ಕೂತು ಏನ್ ಮಾಡ್ಲಿ? ನನ್ ಕೋಟನ್ನ ನಾನೇ ತೊಡಿಸ್ತೀನಿ ಆ ಮಗೂಗೆ” ಎಂದಳು. ಸಿಟ್ಟಿನ ಸುಳಿವೇ ಇರಲಿಲ್ಲ. ನನಗೆ ಎಷ್ಟೋ ಹಗುರವಾಯಿತು.

ಕೋಟು ಆ ಹುಡುಗಿಯ ಮೈಮೇಲೆ ನಿಲ್ಲಲೇ ಇಲ್ಲ. ಬಟ್ಟೆ ತೊಡಿಸುವ ಮೊದಲ ವರ್ಷದವರು ಕೈಚೆಲ್ಲಿದರು. ಸಮಯವಿರಲಿಲ್ಲ, ಹೊರಗೆ ಸಂಗೀತ ಶುರುವಾಗಿತ್ತು. ಮೆಲ್ಕರ್ ಕ್ಲಿಪ್ಪಿನ ಚೀಲ ನನ್ನ ಕಡೆ ಎಸೆದ. ರಿತ್ವಾಳಿಗೆ ಕಾಲರು ಹಿಡಿದುಕೊಳ್ಳಲು ಹೇಳಿ ನಾನೇ ಹಾಕಿದೆ. ಮಡಿಕೆಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಬೆನ್ನ ನಡುವೆ ಮೇಲಿನಿಂದ ಕೆಳಗಿನವರೆಗೆ. ಉಣ್ಣೆ ದಪ್ಪ, ಬೆರಳು ನೋಯುವಷ್ಟು ಒತ್ತಬೇಕಾಯಿತು. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು.

“ನೋಡು ಹೇಗಾಯ್ತು” ಎಂದಳು ರಿತ್ವಾ. “ಇಷ್ಟ್ ತೆಳ್ಳಗಾಗೋಕೆ ನಾನು ಐವತ್ತು ವರ್ಷ ಒದ್ದಾಡ್ದೆ. ನೀನು ಎರಡು ನಿಮಿಷದಲ್ಲಿ ಮುಗಿಸ್ಬಿಟ್ಟೆ.”

ನಕ್ಕೆ. ಅವಳೂ ನಗುತ್ತಿದ್ದಾಳೆ ಎಂದುಕೊಂಡಿದ್ದೆ.

ಮುಂದಿನಿಂದ ಕೋಟು ಬಹಳ ಚೆನ್ನಾಗಿ ಕಂಡಿತು. ಏಜೆನ್ಸಿಯವರು ಯಾರದು ಎಂದು ವಿಚಾರಿಸಿದರು. ಒಂದು ದಿಕ್ಕಿನ ನಡಿಗೆಯನ್ನೂ ಮೆಚ್ಚಿದರು, ಹೊಸತನವಿದೆಯಂತೆ. ಯಾರ ಯೋಚನೆ ಎಂದು ಕೇಳಿದಾಗ ಹೆಡ್ವಿಗ್ ನನ್ನ ಭುಜದ ಮೇಲೆ ಕೈಯಿಟ್ಟಳು.

ಎಲ್ಲ ಮುಗಿದು ಪ್ರೇಕ್ಷಕರು ಎದ್ದುಹೋಗುತ್ತಿದ್ದರು. ರ‍್ಯಾಂಪಿನ ಮೇಲೆ ಹೆಡ್ವಿಗ್, ಏಜೆನ್ಸಿಯವರು, ಮಾಡೆಲ್‌ಗಳು ಫೋಟೋಗೆ ನಿಲ್ಲುತ್ತಿದ್ದರು. ಆಗ ಪರದೆಯ ಹಿಂದಿನಿಂದ ರಿತ್ವಾ ಬಂದಳು. ಕೋಟನ್ನು ತಾನೇ ತೊಟ್ಟಿದ್ದಳು. ಮಾಡೆಲ್‌ಗಳು ನಡೆದ ದಿಕ್ಕಿಗೆ ಎದುರಾಗಿ, ಆ ತುದಿಯಿಂದ ಈ ತುದಿಗೆ ಒಬ್ಬಳೇ ನಡೆದಳು. ಹಾಡು ನಿಂತುಹೋಗಿತ್ತು. ಕುರ್ಚಿ ಎತ್ತುವವರು ಕೆಲಸ ಬಿಟ್ಟು ನೋಡಿದರು. ತುದಿಯಲ್ಲಿ ಬೆನ್ನು ನಮ್ಮ ಕಡೆ ಮಾಡಿ ನಿಂತು, ಎಡಗೈ ಮುಂದಕ್ಕೆ ಚಾಚಿದಳು. ಹಳದಿ ಹೊಳೆಯಿತು.

ನನ್ನ ಕಿವಿಯಲ್ಲಿದ್ದ ಇಯರ್‌ಫೋನಿನಲ್ಲಿ ಮೆಲ್ಕರ್ ಕೂಗಿದ: “ಯಾರದು ದಪ್ಪ ಹೆಂಗ್ಸು? ಫೋಟೋದಲ್ಲಿ ಬರ್ತಿದಾಳೆ. ಸಿಗ್ನೆ, ಆ ಕಡೆ ಕರ್ಕೊಂಡ್ ಹೋಗು.”

ಹೋದೆ. “ರಿತ್ವಾ, ಸ್ವಲ್ಪ ಪಕ್ಕಕ್ಕೆ ಬರ್ತೀಯಾ? ನಮ್ ಫೋಟೋ ತೆಗೀತಿದಾರೆ.”

ಅವಳು ಚಾಚಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಕೋಟಿನ ಜೇಬಿನಿಂದ ಕ್ಲಿಪ್ಪುಗಳನ್ನು ಹಿಡಿಹಿಡಿಯಾಗಿ ತೆಗೆದು ನನ್ನ ಕೈ ತುಂಬಿಸಿದಳು.

“ತಗೋ, ಇವು ನಿಮ್ದು. ಸರಿಯಾಗಿದ್ಯಾ ನೋಡ್ಕೋ.”

ಮೆಟ್ಟಿಲಿಳಿದು ಹೋದಳು. ಜಗಳ ಮಾಡಲಿಲ್ಲ, ಗದ್ದಲ ಮಾಡಲಿಲ್ಲ. ಪಾಪ, ಒಳ್ಳೆಯ ಹೆಂಗಸು. ಫೋಟೋದಲ್ಲಿ ನಾನು ಹೆಡ್ವಿಗ್ ಪಕ್ಕ ನಿಂತಿದ್ದೇನೆ. ಕೈಯಲ್ಲಿ ಕ್ಲಿಪ್ಪುಗಳಿದ್ದದ್ದರಿಂದ ಹಿಂದಕ್ಕೆ ಇಟ್ಟುಕೊಂಡೆ, ಕಾಣುವುದಿಲ್ಲ.

ಜೂನ್ 9, ಸೋಮವಾರ

ಹೆಡ್ವಿಗ್ ಕರೆದಿದ್ದಳು. ಆಗಸ್ಟಿನಿಂದ ಕಾಲೇಜಿನಲ್ಲೇ ಒಂದು ಹುದ್ದೆಯಿದೆ, ವಿದ್ಯಾರ್ಥಿಗಳ ಜೊತೆ ಮಾತುಕತೆ ನೋಡಿಕೊಳ್ಳುವುದು. ಮೆಲ್ಕರನ ಹಾಗಲ್ಲ, ಇದು ಬೇರೆ ಥರದ ಕೆಲಸ. ಒಳಗಿದ್ದರೆ ತಾನೇ ಏನಾದರೂ ಬದಲಾಯಿಸಲು ಸಾಧ್ಯ. ಕೊನೆಯ ವರ್ಷದ ಓದನ್ನು ಯಾವಾಗ ಬೇಕಾದರೂ ಮುಗಿಸಬಹುದು.

ಐಲಾ ಪದವಿ ಪತ್ರ ತೆಗೆದುಕೊಳ್ಳಲು ಬಂದಿದ್ದಳಂತೆ, ನನ್ನ ಕೋಣೆಯ ಕಡೆ ಬರಲಿಲ್ಲ. ಅವಳ ಗೊಂಬೆ ಹೊಲಿಗೆ ಕೋಣೆಯಲ್ಲೇ ಇದೆ, ಹತ್ತಿ ಬಿಚ್ಚದೆ ಬಿಟ್ಟುಹೋಗಿದ್ದಾಳೆ. ಬೇರೆಯವರಿಗೆ ಬೇಕಾಗುತ್ತದೆ ಎಂಬ ಪರಿವೆಯೂ ಇಲ್ಲ.

ಈಚೆಗೆ ಕಾಲೇಜಿಗೆ ನಡೆದೇ ಬರುತ್ತಿದ್ದೇನೆ. ಇವತ್ತು ಸಂಜೆ ಜೋರು ಮಳೆ, ವಿಧಿಯಿಲ್ಲದೆ ಟ್ರಾಮ್ ಹತ್ತಿದೆ. ಕಿಕ್ಕಿರಿದಿತ್ತು. ಜನರೆಲ್ಲ ಒಂದೇ ಕಡೆ ನೋಡುತ್ತಿದ್ದರು, ಒಂದು ಮಗುವನ್ನು ಅದರ ಅಪ್ಪ ಎತ್ತಿ ತೋರಿಸುತ್ತಿದ್ದ. ಗಾಜಿನಾಚೆ ಓಡಿಸುವವಳ ಬೆನ್ನು, ಜೂನ್ ತಿಂಗಳಲ್ಲಿ ಉಣ್ಣೆಯ ಕೋಟು. ಟ್ರಾಮ್ ಹೊರಟಾಗ ಮಡಿಕೆಗಳು ತೆರೆದುಕೊಂಡವು. “ಈಗ, ಈಗ!” ಎಂದು ಮಗು ಕೂಗಿತು.

ಸಮವಸ್ತ್ರ ಬಿಟ್ಟು ಅದನ್ನು ಹಾಕಿಕೊಳ್ಳಲು ಯಾರು ಒಪ್ಪಿದರೋ. ಬಹುಶಃ ಯಾರೂ ಬೇಡ ಅಂದಿರಲಿಕ್ಕಿಲ್ಲ.

ಅವಳು ಮೇಲಿನ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಗಂಟೆ ಹೊಡೆಯಲಿಲ್ಲ. ನಾನು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಮನೆಗೆ ಇನ್ನೂ ದೂರವಿತ್ತು, ಚೆನ್ನಾಗಿ ನೆನೆದೆ. ಆದರೂ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು.